ಎಡ್ಗರ್ ಕಾಡ್: ನಿಯಮವೇ ಬೇರೆ, ಇಂಡೆಕ್ಸೇ ಬೇರೆ ಎಂದು ತೋರಿಸಿದ ಗಣಿತಜ್ಞ

ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಗುಡೂರು ಎಂಬ ಊರಿದೆ. ಆಂಧ್ರಪ್ರದೇಶದಲ್ಲಿ ರೈಲ್ವೆ ಜಂಕ್ಷನ್ ಇರುವ ಒಂದು ಗೂಡೂರು ಇದೆ. ಕರ್ನೂಲು ಜಿಲ್ಲೆಯಲ್ಲಿ ಇನ್ನೊಂದಿದೆ. ಇಂಗ್ಲಿಷಿನಲ್ಲಿ ಬರೆದರೆ ಮೂರಕ್ಕೂ ಒಂದೇ ಕಾಗುಣಿತ. ಬರೀ ಊರಿನ ಹೆಸರು ಹೇಳಿದರೆ ಯಾವ ಊರು ಎಂಬುದು ತಿಳಿಯುವುದಿಲ್ಲ.

ಇದು ನಮ್ಮವರಿಗೆ ಹೊಸ ತೊಂದರೆಯೇನಲ್ಲ. ಉತ್ತರ ಕರ್ನಾಟಕದಲ್ಲಿ ಒಂದೇ ಹೆಸರಿನ ಎರಡು ಊರು ಅಕ್ಕಪಕ್ಕ ಇದ್ದರೆ ದೊಡ್ಡದಕ್ಕೆ ಬುದ್ರುಕ, ಚಿಕ್ಕದಕ್ಕೆ ಖುರ್ದ ಎಂದು ಬಾಲ ಸೇರಿಸುವ ರೂಢಿ ಹಳೆಯದು. ಬೆಳಗಾವಿಯ ಬಳಿ ಇರುವ ಕಂಗ್ರಾಳಿ ಬಿ.ಕೆ. ಮತ್ತು ಕಂಗ್ರಾಳಿ ಕೆ.ಎಚ್. ಇದಕ್ಕೆ ಉದಾಹರಣೆ.

ಜಮೀನಿನ ಲೆಕ್ಕದಲ್ಲೂ ಇದೇ ಕತೆ. ಸರ್ವೆ ನಂಬರ್ 45 ಎಂದರೆ ಯಾವ ಹೊಲ? ಸರ್ವೆ ನಂಬರು ಪ್ರತಿ ಊರಿನಲ್ಲೂ 1ರಿಂದಲೇ ಶುರುವಾಗುತ್ತದೆ. ಹಾಗಾಗಿ ಕರ್ನಾಟಕದ ಭೂಮಿ ತಂತ್ರಾಂಶದಲ್ಲಿ ಉತಾರ ತೆಗೆಯಲು ಹೋದರೆ ಅದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ಎಲ್ಲವನ್ನೂ ಕೇಳುತ್ತದೆ. ಇವುಗಳಲ್ಲಿ ಒಂದೊಂದೇ ಬಿಡಿಯಾಗಿ ಯಾವ ಹೊಲವನ್ನೂ ಗುರುತಿಸುವುದಿಲ್ಲ. ಎಲ್ಲ ಸೇರಿದಾಗ ಮಾತ್ರ ರಾಜ್ಯದಲ್ಲಿ ಒಂದೇ ಒಂದು ತುಂಡು ಭೂಮಿ ಕೈಗೆ ಸಿಗುತ್ತದೆ.

ಹೀಗೆ ಒಂದು ವಸ್ತುವನ್ನು ಒಂದೇ ಎಂದು ಗುರುತಿಸುವ ಕಾಲಂಗಳ ಗುಂಪನ್ನು ಡೇಟಾಬೇಸ್ ಭಾಷೆಯಲ್ಲಿ ಕೀ ಎನ್ನುತ್ತಾರೆ. ಕಂಪ್ಯೂಟರಿಗೆ ಈ ವಿಚಾರವನ್ನು ಗಣಿತದ ನಿಖರತೆಯಿಂದ ಹೇಳಿಕೊಟ್ಟವರು ಎಡ್ಗರ್ ಫ್ರಾಂಕ್ ಕಾಡ್. ಗೆಳೆಯರಿಗೆಲ್ಲ ಅವರು ಟೆಡ್. ಡೇಟಾಬೇಸ್ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅವರ ಹೆಸರು ಕೇಳಿರುತ್ತಾನೆ, ಪರೀಕ್ಷೆಗಾಗಿ ಅವರ ನಿಯಮಗಳನ್ನು ಬಾಯಿಪಾಠವನ್ನೂ ಮಾಡಿರುತ್ತಾನೆ. ಆದರೂ ಯುನಿಕ್ ಕನ್‌ಸ್ಟ್ರೇಂಟ್ ಮತ್ತು ಯುನಿಕ್ ಇಂಡೆಕ್ಸ್ ಎರಡೂ ಒಂದೇ, ಹೆಸರು ಮಾತ್ರ ಬೇರೆ ಎಂಬ ನಂಬಿಕೆ ಇಂದಿಗೂ ಬಲವಾಗಿದೆ. ಇದು ಅರ್ಧ ಸತ್ಯ. ಉಳಿದರ್ಧ ಏನೆಂದು ತಿಳಿಯಲು ಕಾಡ್ ಅವರ ಬದುಕನ್ನೇ ಹಿಂಬಾಲಿಸಿ ನೋಡೋಣ.

ವಿಮಾನದಿಂದ ಗಣಕಕ್ಕೆ

ಕಾಡ್ ಹುಟ್ಟಿದ್ದು 1923ರ ಆಗಸ್ಟ್ 19ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲ್ಯಾಂಡ್ ದ್ವೀಪದಲ್ಲಿ. ತಂದೆ ಚರ್ಮದ ಸಾಮಾನು ತಯಾರಿಸುವವರು, ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದರು. ನಡುವೆ ಎರಡನೇ ಮಹಾಯುದ್ಧ ಬಂತು. ವಿದ್ಯಾರ್ಥಿಯಾಗಿದ್ದ ಕಾರಣ ಸೇನೆಗೆ ಸೇರುವುದನ್ನು ಮುಂದೂಡುವ ಅವಕಾಶವಿದ್ದರೂ ತಾವಾಗಿಯೇ ಬ್ರಿಟಿಷ್ ವಾಯುಪಡೆ ಸೇರಿ, ಕರಾವಳಿ ಕಾಯುವ ವಿಮಾನಗಳ ಪೈಲಟ್ ಆದರು.

ಯುದ್ಧ ಮುಗಿದು ಪದವಿ ಪಡೆದ ಮೇಲೆ 1948ರಲ್ಲಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಕಾಲ ಬಟ್ಟೆ ಮಾರಿದರು, ಟೆನೆಸಿ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. 1949ರಲ್ಲಿ ಐಬಿಎಂ ಸೇರಿದರು. ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆಯ ಗಾತ್ರದ ಯಂತ್ರ, ಅದಕ್ಕೆ ಲೆಕ್ಕ ಹೇಳಿಕೊಡುವವರು ಬೆರಳೆಣಿಕೆಯ ಗಣಿತಜ್ಞರು.

1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೆನೆಟರ್ ಮೆಕಾರ್ಥಿ ಕಮ್ಯುನಿಸ್ಟರನ್ನು ಹುಡುಕುವ ನೆಪದಲ್ಲಿ ಕಂಡಕಂಡವರ ಮೇಲೆ ಆರೋಪ ಹೊರಿಸುತ್ತಿದ್ದರು. ಅದನ್ನು ಸಹಿಸಲಾಗದೆ ಕಾಡ್ 1953ರಲ್ಲಿ ಕೆನಡಾದ ಒಟ್ಟಾವಾಕ್ಕೆ ಹೊರಟುಹೋದರು. ತಮಗೆ ಸರಿಕಾಣದ್ದರ ಜೊತೆ ರಾಜಿಯಾಗದ ಈ ಗುಣ ಮುಂದೆಯೂ ಅವರನ್ನು ಬಿಡಲಿಲ್ಲ. 1957ರಲ್ಲಿ ಅಮೆರಿಕಕ್ಕೆ ಮರಳಿ ಮತ್ತೆ ಐಬಿಎಂನಲ್ಲೇ ಕೆಲಸಕ್ಕೆ ನಿಂತರು. ಒಂದೇ ಯಂತ್ರದಲ್ಲಿ ಹಲವು ಪ್ರೋಗ್ರಾಂಗಳು ಒಟ್ಟಿಗೆ ನಡೆಯುವಂತೆ ಮಾಡುವ ಯೋಜನೆಯಲ್ಲಿ ದುಡಿದರು.

ನಲವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. 1965ರಲ್ಲಿ ಪಿಎಚ್‌.ಡಿ. ಬಂತು. ತನ್ನನ್ನು ತಾನೇ ನಕಲು ಮಾಡಿಕೊಳ್ಳಬಲ್ಲ ಕಾಲ್ಪನಿಕ ಯಂತ್ರಕ್ಕೆ ಪ್ರತಿ ಕೋಶದಲ್ಲೂ 29 ಸ್ಥಿತಿಗಳು ಇರುವ ಮಾದರಿಯನ್ನು ಜಾನ್ ವಾನ್ ನಾಯ್ಮನ್ ರೂಪಿಸಿದ್ದರು. ಎಂಟೇ ಸ್ಥಿತಿಗಳು ಸಾಕು ಎಂದು ಕಾಡ್ ತೋರಿಸಿದರು. ಅನಗತ್ಯವಾದದ್ದನ್ನು ಕಿತ್ತುಹಾಕಿ ತಿರುಳನ್ನು ಮಾತ್ರ ಉಳಿಸಿಕೊಳ್ಳುವುದು ಅವರ ಕೆಲಸದ ರೀತಿ. ಅದನ್ನೇ ಅವರು ಮುಂದೆ ಡೇಟಾಬೇಸಿನ ಮೇಲೂ ಪ್ರಯೋಗಿಸಿದರು.

1970ರ ಲೇಖನ

1960ರ ದಶಕದ ಕೊನೆಗೆ ಕಾಡ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯಕ್ಕೆ ಬಂದರು. ಆ ಹೊತ್ತಿಗೆ ಬ್ಯಾಂಕು, ಕಾರ್ಖಾನೆ, ವಿಮಾನ ಕಂಪನಿಗಳು ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಡತೊಡಗಿದ್ದವು. ಐಬಿಎಂನದೇ ಐಎಂಎಸ್ ಎಂಬ ವ್ಯವಸ್ಥೆ ಬಹಳ ಹೆಸರು ಮಾಡಿತ್ತು. ಅಪೊಲೊ ಚಂದ್ರಯಾನದ ಲಕ್ಷಾಂತರ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ವ್ಯವಸ್ಥೆ ಅದು. ಅದರಲ್ಲಿ ಮಾಹಿತಿ ಮರದ ಕೊಂಬೆಗಳಂತೆ ಜೋಡಣೆಯಾಗಿರುತ್ತಿತ್ತು. ಏನಾದರೂ ಬೇಕಾದರೆ ಯಾವ ಕೊಂಬೆಯಿಂದ ಯಾವ ರೆಂಬೆಗೆ ಇಳಿಯಬೇಕು ಎಂಬ ದಾರಿಯನ್ನು ಪ್ರೋಗ್ರಾಂ ಬರೆಯುವವನೇ ಹೇಳಬೇಕಿತ್ತು.

ಇದರ ತೊಂದರೆ ಏನು? ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಊರಿನ ಹೊಲಗಳ ಲೆಕ್ಕವನ್ನು ಸರ್ವೆ ನಂಬರಿನ ಕ್ರಮದಲ್ಲಿ ಬರೆದ ದಫ್ತರವಿದೆ ಎನ್ನಿ. ಜೊತೆಗೆ ಯಾವ ಖಾತೆದಾರನ ಹೆಸರು ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಬರೆದ ಸೂಚಿಯೂ ಇದೆ. ಈ ಸೂಚಿಯೇ ಇಂಡೆಕ್ಸ್. ಸೂಚಿ ಇದ್ದರೆ ಹೆಸರು ಬೇಗ ಸಿಗುತ್ತದೆ. ಅದು ಹರಿದುಹೋದರೆ ಪುಟ ಪುಟ ತಿರುವಬೇಕಾಗುತ್ತದೆ, ತಡವಾಗುತ್ತದೆ. ಆದರೆ ಹೊಲಗಳ ಲೆಕ್ಕವೇನೂ ಬದಲಾಗುವುದಿಲ್ಲ. ಅಂದಿನ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಹಾಗಿರಲಿಲ್ಲ. ಪ್ರೋಗ್ರಾಂಗಳು ಸೂಚಿಯನ್ನು ಹೆಸರು ಹಿಡಿದು ಬಳಸುತ್ತಿದ್ದವು. ಸೂಚಿ ತೆಗೆದರೆ ಪ್ರೋಗ್ರಾಂಗಳೇ ಕೆಟ್ಟು ನಿಲ್ಲುತ್ತಿದ್ದವು.

1969ರಲ್ಲಿ ಐಬಿಎಂನ ಒಳಗಿನ ವರದಿಯಾಗಿ, ಮರುವರ್ಷ ಜೂನ್ ತಿಂಗಳಲ್ಲಿ ಅಮೆರಿಕದ ಕಂಪ್ಯೂಟಿಂಗ್ ಸಂಘದ ಪತ್ರಿಕೆಯಲ್ಲಿ ಕಾಡ್ ಇದಕ್ಕೆ ಪರಿಹಾರ ಬರೆದರು. ಆ ಲೇಖನ ಮೂರು ಬಗೆಯ ಅವಲಂಬನೆಗಳನ್ನು ಹೆಸರಿಸಿತು: ಸಾಲುಗಳ ಕ್ರಮದ ಮೇಲಿನ ಅವಲಂಬನೆ, ಇಂಡೆಕ್ಸಿನ ಮೇಲಿನ ಅವಲಂಬನೆ, ಮಾಹಿತಿ ತಲುಪುವ ದಾರಿಯ ಮೇಲಿನ ಅವಲಂಬನೆ. ಈ ಮೂರರಿಂದಲೂ ಪ್ರೋಗ್ರಾಂಗಳು ಬಿಡುಗಡೆಯಾಗಬೇಕು ಎಂಬುದು ಅವರ ವಾದ. ಇಂಡೆಕ್ಸ್ ವೇಗಕ್ಕಾಗಿ ಇಡುವ ಹೆಚ್ಚುವರಿ ಸಾಧನ. ಅದನ್ನು ಬೇಕಾದಾಗ ಕಟ್ಟಬಹುದು, ಬೇಡವಾದಾಗ ಬಿಚ್ಚಬಹುದು. ಆದರೆ ಹಾಗೆ ಮಾಡಿದಾಗ ಉತ್ತರ ಬದಲಾಗಬಾರದು.

ಪರಿಹಾರವಾಗಿ ಅವರು ಮುಂದಿಟ್ಟದ್ದು ಗಣಿತದ ಸಂಬಂಧ ಎಂಬ ಕಲ್ಪನೆ. ಎಲ್ಲ ಮಾಹಿತಿಯೂ ಸರಳ ಟೇಬಲ್‌ಗಳಲ್ಲಿ ಇರಲಿ. ಪ್ರತಿ ಸಾಲು ಒಂದು ಸತ್ಯ ಸಂಗತಿಯನ್ನು ಹೇಳಲಿ. ಗಣಿತದ ಗಣದಲ್ಲಿ ಒಂದು ಸದಸ್ಯ ಎರಡು ಸಲ ಇರಲಾರದು, ಹಾಗೆಯೇ ಒಂದೇ ಸಾಲು ಎರಡು ಸಲ ಬರಬಾರದು. ಪ್ರತಿ ಟೇಬಲ್ಲಿನಲ್ಲೂ ಒಂದು ಕಾಲಂ ಅಥವಾ ಕಾಲಂಗಳ ಗುಂಪು ಸಾಲನ್ನು ಒಂದೇ ಎಂದು ಗುರುತಿಸಲಿ, ಅದು ಪ್ರೈಮರಿ ಕೀ. ಒಂದು ಟೇಬಲ್ಲು ಇನ್ನೊಂದನ್ನು ಸೂಚಿಸಬೇಕಾದರೆ ಆ ಕೀಯ ಬೆಲೆಯನ್ನೇ ಬರೆದುಕೊಳ್ಳಲಿ, ಅದು ಫಾರಿನ್ ಕೀ.

ಕೀ ಎಂಬುದು ಲೋಕದ ಬಗ್ಗೆ ಹೇಳುವ ಮಾತು. ಈ ಊರಿನಲ್ಲಿ ಈ ಸರ್ವೆ ನಂಬರಿನ ಈ ಹಿಸ್ಸಾ ಒಂದೇ ಇದೆ ಎಂಬುದು ನೆಲದ ಮೇಲಿನ ಸತ್ಯ. ಕಂಪ್ಯೂಟರ್ ಇರಲಿ, ಇಲ್ಲದಿರಲಿ ಅದು ಸತ್ಯವೇ. ಇಂಡೆಕ್ಸ್ ಎಂಬುದು ಯಂತ್ರದ ಒಳಗಿನ ಏರ್ಪಾಡು. ಇವೆರಡನ್ನು ಬೇರೆಬೇರೆಯಾಗಿ ಇಟ್ಟದ್ದೇ ಕಾಡ್ ಲೇಖನದ ಹಿರಿಮೆ.

ಮನೆಯಲ್ಲೇ ಎದುರಾಳಿಗಳು

ಇಷ್ಟು ಒಳ್ಳೆಯ ವಿಚಾರವನ್ನು ಐಬಿಎಂ ಕೂಡಲೇ ಎತ್ತಿಕೊಂಡಿರಬೇಕು ಎಂದು ನಾವು ಭಾವಿಸಬಹುದು. ನಡೆದದ್ದು ಬೇರೆ. ಐಎಂಎಸ್‌ನಿಂದ ಕಂಪನಿಗೆ ಒಳ್ಳೆಯ ಆದಾಯವಿತ್ತು. ತನ್ನ ಸರಕಿಗೆ ತಾನೇ ಪೈಪೋಟಿ ತಂದುಕೊಳ್ಳಲು ಅದಕ್ಕೆ ಆತುರವಿರಲಿಲ್ಲ. ದಾರಿಯನ್ನು ಹೇಳದೆಯೇ ಯಂತ್ರ ತಾನಾಗಿ ಉತ್ತರ ಹುಡುಕಿದರೆ ಅದು ವಿಪರೀತ ನಿಧಾನವಾಗುತ್ತದೆ ಎಂಬ ಅನುಮಾನ ಹಲವರಿಗಿತ್ತು. ಡೇಟಾಬೇಸ್ ಕ್ಷೇತ್ರದ ಹಿರಿಯ, 1973ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಚಾರ್ಲ್ಸ್ ಬಾಕ್‌ಮನ್ ಪ್ರೋಗ್ರಾಮರನ್ನು ನಾವಿಕನಿಗೆ ಹೋಲಿಸಿದ್ದರು. ದಾರಿ ಕಂಡುಹಿಡಿಯುವುದೇ ಅವನ ಕೆಲಸ ಎಂಬ ನಿಲುವು ಅದು. 1974ರಲ್ಲಿ ಈ ಎರಡು ಪಂಥಗಳ ನಡುವೆ ಬಹಿರಂಗ ಚರ್ಚೆಯೇ ನಡೆಯಿತು.

ಕಾಡ್ ಸುಮ್ಮನೆ ಕೂರಲಿಲ್ಲ. ಲೇಖನದ ಮೇಲೆ ಲೇಖನ ಬರೆದರು, ಕೇಳುವವರಿದ್ದಲ್ಲಿಗೆ ಹೋಗಿ ವಿವರಿಸಿದರು. ಹಳೆಯ ಪದ್ಧತಿಯಲ್ಲಿ ಪುಟಗಟ್ಟಲೆ ಬರೆಯಬೇಕಾದ ಪ್ರಶ್ನೆಯನ್ನು ತಮ್ಮ ಪದ್ಧತಿಯಲ್ಲಿ ಒಂದೇ ಸಾಲಿನಲ್ಲಿ ಬರೆದು ತೋರಿಸಿದರು. ಅದನ್ನು ನೋಡಿ ಮನಸ್ಸು ಬದಲಿಸಿದವರಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಒಬ್ಬರು. ಅವರೂ ರೇಮಂಡ್ ಬಾಯ್ಸ್ ಅವರೂ ಸೇರಿ 1974ರಲ್ಲಿ ಪ್ರಕಟಿಸಿದ ಭಾಷೆಯೇ ಮುಂದೆ ಎಸ್‌ಕ್ಯುಎಲ್ ಆಯಿತು. ಕಾಡ್ ವಿಚಾರವನ್ನು ಕಾರ್ಯರೂಪಕ್ಕೆ ತರಲು ಐಬಿಎಂ ಸಿಸ್ಟಂ ಆರ್ ಎಂಬ ಪ್ರಯೋಗ ಕೈಗೆತ್ತಿಕೊಂಡಿತು. ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ತಂಡ ಇಂಗ್ರೆಸ್ ಕಟ್ಟಿತು. 1979ರಲ್ಲಿ ಒರಾಕಲ್ ಮಾರುಕಟ್ಟೆಗೆ ಬಂತು. ಐಬಿಎಂನ ಡಿಬಿ2 ಬಂದದ್ದು 1983ರಲ್ಲಿ.

ಕಾಡ್ ವಿಚಾರ ಗೆದ್ದಿತು. ಆದರೆ ಪೂರ್ತಿಯಾಗಿ ಅಲ್ಲ.

ಗೊಂದಲ ಹುಟ್ಟಿದ್ದು ಎಲ್ಲಿ?

ಒಂದೇ ಬೆಲೆ ಎರಡು ಸಲ ಬರಬಾರದು ಎಂಬ ನಿಯಮವನ್ನು ಯಂತ್ರ ಪಾಲಿಸುವುದು ಹೇಗೆ? ಹೊಸ ಸಾಲು ಬಂದಾಗಲೆಲ್ಲ ಇಡೀ ಟೇಬಲ್ ತಡಕುತ್ತ ಕೂತರೆ ಆಗದು. ಇಂಡೆಕ್ಸಿನಲ್ಲಿ ಬೆಲೆಗಳು ಕ್ರಮವಾಗಿ ಜೋಡಣೆಯಾಗಿರುತ್ತವೆ. ಹೊಸ ಬೆಲೆಯನ್ನು ಅದರ ಜಾಗದಲ್ಲಿ ಇಡಲು ಹೋದಾಗ, ಅದೇ ಬೆಲೆ ಮೊದಲೇ ಅಲ್ಲಿ ಕೂತಿದ್ದರೆ ಥಟ್ಟನೆ ಕಾಣುತ್ತದೆ. ಹಾಗಾಗಿ ವಿಶಿಷ್ಟತೆಯನ್ನು ಕಾಯಲು ಇಂಡೆಕ್ಸ್ ಬಹಳ ಅನುಕೂಲ.

ಸಿಸ್ಟಂ ಆರ್ ಕಟ್ಟಿದವರು ಮಾಡಿದ್ದೂ ಅದನ್ನೇ. ಇಂಡೆಕ್ಸ್ ಕಟ್ಟುವಾಗಲೇ ಅದು ಯುನಿಕ್ ಎಂದು ಹೇಳಿಬಿಡುವ ಏರ್ಪಾಡು ಇತ್ತು. ಕೆಲಸವೇನೋ ಸಲೀಸಾಯಿತು, ಆದರೆ ಲೋಕದ ಬಗೆಗಿನ ಮಾತು ಯಂತ್ರದ ಸಾಧನದೊಳಗೆ ಅಡಗಿಕೊಂಡಿತು. ಕಾಡ್ ಬೇರೆಬೇರೆ ಮಾಡಿದ್ದ ಎರಡು ಸಂಗತಿಗಳು ಮತ್ತೆ ಕಲೆತವು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಸ್‌ಕ್ಯುಎಲ್, ಕೀ ಇಲ್ಲದ ಟೇಬಲ್‌ಗಳಿಗೂ ಒಂದೇ ಸಾಲು ಎರಡೆರಡು ಸಲ ಬರುವುದಕ್ಕೂ ಅವಕಾಶ ಕೊಟ್ಟಿತು. ಕಾಡ್‌ಗೆ ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.

1976ರಲ್ಲಿ ಅವರು ಐಬಿಎಂ ಫೆಲೋ ಆದರು. 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 80ರ ದಶಕದ ನಡುವೆ ಐಬಿಎಂ ಬಿಟ್ಟು, ಸಹೋದ್ಯೋಗಿ ಕ್ರಿಸ್ ಡೇಟ್ ಜೊತೆ ಸಲಹಾ ಸಂಸ್ಥೆ ಶುರುಮಾಡಿದರು. ಅಷ್ಟರಲ್ಲಿ ರಿಲೇಶನಲ್ ಎಂಬ ಪದಕ್ಕೆ ಎಷ್ಟು ಬೆಲೆ ಬಂದಿತ್ತೆಂದರೆ, ಹಳೆಯ ಸರಕಿಗೇ ಆ ಹೆಸರಿನ ಚೀಟಿ ಅಂಟಿಸಿ ಮಾರುವವರು ಹೆಚ್ಚಾಗಿದ್ದರು.

1985ರ ಅಕ್ಟೋಬರಿನಲ್ಲಿ ಕಾಡ್ ತಮ್ಮ ಪ್ರಸಿದ್ಧ ಹನ್ನೆರಡು ನಿಯಮಗಳನ್ನು ಪ್ರಕಟಿಸಿದರು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ನಿಜಕ್ಕೂ ಅವು ಹದಿಮೂರು! ಅವುಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸೇರಿದವು. ಎರಡನೆಯ ನಿಯಮದ ಪ್ರಕಾರ ಟೇಬಲ್ಲಿನ ಹೆಸರು, ಪ್ರೈಮರಿ ಕೀ, ಕಾಲಂ ಹೆಸರು ಇಷ್ಟು ಹೇಳಿದರೆ ಯಾವ ಬೆಲೆಯಾದರೂ ಸಿಗಲೇಬೇಕು. ಎಂಟನೆಯದರ ಪ್ರಕಾರ ಒಳಗಿನ ಸಂಗ್ರಹ ವಿಧಾನ ಅಥವಾ ಇಂಡೆಕ್ಸ್ ಬದಲಾದರೆ ಪ್ರೋಗ್ರಾಂಗೆ ಬಿಸಿ ತಟ್ಟಬಾರದು. ಹತ್ತನೆಯದರ ಪ್ರಕಾರ ಮಾಹಿತಿಯ ನಿಯಮಗಳನ್ನು ಡೇಟಾಬೇಸ್ ಭಾಷೆಯಲ್ಲೇ ಹೇಳಿ, ಡೇಟಾಬೇಸಿನ ಕಡತದಲ್ಲೇ ದಾಖಲಿಸಬೇಕು, ಪ್ರೋಗ್ರಾಂಗಳ ಒಳಗೆ ಬಚ್ಚಿಡಬಾರದು.

ಎಂಟು ಮತ್ತು ಹತ್ತನ್ನು ಒಟ್ಟಿಗೆ ಓದಿದರೆ ಇಂಡೆಕ್ಸಿನ ಜಾಗ ಯಾವುದು, ಕನ್‌ಸ್ಟ್ರೇಂಟಿನ ಜಾಗ ಯಾವುದು ಎಂಬುದು ನಿಚ್ಚಳವಾಗುತ್ತದೆ. ಎಸ್‌ಕ್ಯುಎಲ್‌ನ ಅಧಿಕೃತ ಮಾನಕವೂ ಈ ಗೆರೆಯನ್ನು ಗೌರವಿಸುತ್ತದೆ. ಅದರಲ್ಲಿ ಯುನಿಕ್ ಕನ್‌ಸ್ಟ್ರೇಂಟ್ ಇದೆ, ಇಂಡೆಕ್ಸ್ ಕಟ್ಟುವ ಆಜ್ಞೆ ಇಲ್ಲವೇ ಇಲ್ಲ. ಇಂಡೆಕ್ಸ್ ಆಯಾ ಕಂಪನಿಗಳು ತಮ್ಮತಮ್ಮ ತಂತ್ರಾಂಶಕ್ಕೆ ಸೇರಿಸಿಕೊಂಡದ್ದು.

ಹಾಗಾದರೆ ಇಂದು ವ್ಯತ್ಯಾಸವೇನು?

ಒಂದು ಕಾಲ್ಪನಿಕ ಟೇಬಲ್ ಇಟ್ಟುಕೊಳ್ಳೋಣ. ಗ್ರಾಮದ ಸಂಕೇತ, ಸರ್ವೆ ನಂಬರ್, ಹಿಸ್ಸಾ ಎಂಬ ಮೂರು ಕಾಲಂ ಇವೆ. ಮೂರೂ ಸೇರಿ ಯುನಿಕ್ ಎಂದು ಕನ್‌ಸ್ಟ್ರೇಂಟ್ ಹಾಕಿದರೂ ಯುನಿಕ್ ಇಂಡೆಕ್ಸ್ ಕಟ್ಟಿದರೂ, ಒಂದೇ ಹೊಲವನ್ನು ಎರಡನೇ ಸಲ ಸೇರಿಸಲು ಹೋದರೆ ಯಂತ್ರ ಬೇಡ ಎನ್ನುತ್ತದೆ. ಬಹುತೇಕ ತಂತ್ರಾಂಶಗಳು ಕನ್‌ಸ್ಟ್ರೇಂಟ್ ಹಾಕಿದ ಕೂಡಲೇ ತಾವೇ ಒಳಗೆ ಯುನಿಕ್ ಇಂಡೆಕ್ಸ್ ಕಟ್ಟಿಕೊಳ್ಳುತ್ತವೆ. ಮೈಎಸ್‌ಕ್ಯುಎಲ್‌ನಲ್ಲಂತೂ ಎರಡೂ ಒಂದೇ. ಅರ್ಧ ಸತ್ಯ ಎಂದದ್ದು ಇದನ್ನೇ. ವೇಗದಲ್ಲೂ ವ್ಯತ್ಯಾಸ ನಿರೀಕ್ಷಿಸಬೇಕಿಲ್ಲ.

ಉಳಿದರ್ಧ ಹೀಗಿದೆ. ಮಾಲೀಕರ ಹೆಸರಿಗೆ ಇನ್ನೊಂದು ಟೇಬಲ್ ಇದ್ದು, ಅದು ಫಾರಿನ್ ಕೀ ಮೂಲಕ ಹೊಲದ ಟೇಬಲ್ಲನ್ನು ಸೂಚಿಸಬೇಕು ಎನ್ನಿ. ಒರಾಕಲ್‌ನಲ್ಲಿ ಇದಕ್ಕೆ ಕನ್‌ಸ್ಟ್ರೇಂಟ್ ಇರಲೇಬೇಕು, ಬರೀ ಯುನಿಕ್ ಇಂಡೆಕ್ಸ್ ಸಾಲದು. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್ ಇಂಡೆಕ್ಸನ್ನೂ ಒಪ್ಪಿಕೊಳ್ಳುತ್ತವೆ.

ಎರಡು ಹೊಲಗಳ ಹಿಸ್ಸಾ ನಂಬರು ಅದಲುಬದಲಾಗಿ ದಾಖಲಾಗಿದೆ, ಅದನ್ನು ಸರಿಪಡಿಸಬೇಕು ಎಂದುಕೊಳ್ಳಿ. ಮೊದಲನೆಯದನ್ನು ತಿದ್ದಿದ ಗಳಿಗೆಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಯಂತ್ರ ತಡೆಯುತ್ತದೆ. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ, ಎಲ್ಲ ತಿದ್ದುಪಡಿ ಮುಗಿದ ಮೇಲೆ ಪರೀಕ್ಷಿಸು ಎಂದು ಕನ್‌ಸ್ಟ್ರೇಂಟಿಗೆ ಹೇಳಬಹುದು. ಇಂಡೆಕ್ಸಿಗೆ ಹಾಗೆ ಹೇಳಲು ಬರುವುದಿಲ್ಲ.

ಇಂಡೆಕ್ಸ್ ಮಾತ್ರ ಮಾಡಬಲ್ಲ ಕೆಲಸವೂ ಇದೆ. ಒಂದು ಹೊಲದ ಮೇಲೆ ಹಳೆಯ ಖಾತೆ ಬದಲಾವಣೆ ಅರ್ಜಿಗಳು ಎಷ್ಟಾದರೂ ಇರಲಿ, ಇತ್ಯರ್ಥವಾಗದ ಅರ್ಜಿ ಮಾತ್ರ ಒಂದೇ ಇರಬೇಕು ಎನ್ನಿ. ಷರತ್ತಿಗೆ ಒಳಪಟ್ಟ ಸಾಲುಗಳನ್ನು ಮಾತ್ರ ನೋಡುವ ಯುನಿಕ್ ಇಂಡೆಕ್ಸನ್ನು ಪೋಸ್ಟ್‌ಗ್ರೆಸ್‌ನಲ್ಲೂ ಎಸ್‌ಕ್ಯುಎಲ್ ಸರ್ವರ್‌ನಲ್ಲೂ ಕಟ್ಟಬಹುದು. ಯುನಿಕ್ ಕನ್‌ಸ್ಟ್ರೇಂಟಿಗೆ ಹೀಗೆ ಷರತ್ತು ಹಾಕಲು ಬರುವುದಿಲ್ಲ.

ಖಾಲಿ ಬಿಟ್ಟ ಮನೆಗಳ ವಿಷಯದಲ್ಲೂ ಎಚ್ಚರ ಬೇಕು. ಹಿಸ್ಸಾ ಬರೆಯದೆ ಖಾಲಿ, ಅಂದರೆ ನಲ್, ಬಿಟ್ಟರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಒಂದು ಖಾಲಿ ಇನ್ನೊಂದು ಖಾಲಿಗೆ ಸಮವಲ್ಲ ಎಂದು ತಿಳಿದು, ಒಂದೇ ಸರ್ವೆ ನಂಬರನ್ನು ಎಷ್ಟು ಸಲವಾದರೂ ಒಳಗೆ ಬಿಡುತ್ತವೆ. ಎಸ್‌ಕ್ಯುಎಲ್ ಸರ್ವರ್ ಎರಡನೆಯದನ್ನು ತಡೆಯುತ್ತದೆ. 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15ರಿಂದ ಅಲ್ಲಿಯೂ ಬೇಕಾದರೆ ತಡೆಯುವಂತೆ ಹೇಳಬಹುದು.

ಇನ್ನು ಕೆಲವರು ಎರಡನ್ನೂ ಬಿಟ್ಟು, ಇದೆಯೇ ಎಂದು ಮೊದಲು ಹುಡುಕಿ, ಇಲ್ಲದಿದ್ದರೆ ಸೇರಿಸುವ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸುತ್ತಾರೆ. ಎರಡು ಕೌಂಟರಿನಲ್ಲಿ ಇಬ್ಬರು ಒಂದೇ ಕ್ಷಣದಲ್ಲಿ ಹುಡುಕಿದರೆ ಇಬ್ಬರಿಗೂ ಇಲ್ಲ ಎಂಬ ಉತ್ತರವೇ ಬರುತ್ತದೆ, ಇಬ್ಬರೂ ಸೇರಿಸುತ್ತಾರೆ. ಒಂದೇ ಹೊಲಕ್ಕೆ ಎರಡು ಸಾಲು! ಜಮೀನಿನ ವಿಷಯದಲ್ಲಿ ಇಂಥ ತಪ್ಪು ತಹಶೀಲ್ದಾರರ ಕಚೇರಿಯಲ್ಲೇ ನಿಲ್ಲುವುದಿಲ್ಲ, ಕೋರ್ಟಿನವರೆಗೂ ಹೋಗುತ್ತದೆ. ನಿಯಮ ಡೇಟಾಬೇಸಿನಲ್ಲೇ ಇರಲಿ ಎಂದು ಕಾಡ್ ಹಟ ಹಿಡಿದದ್ದು ಏಕೆಂದು ಇಲ್ಲಿ ಅರ್ಥವಾಗುತ್ತದೆ.

ನಾವೇ ಟೇಬಲ್ ಕಟ್ಟುವಾಗ ಒಂದು ಸರಳ ಸೂತ್ರ ಇಟ್ಟುಕೊಳ್ಳಬಹುದು. ಒಂದೇ ಇರಬೇಕು ಎಂಬುದು ಲೋಕದ ನಿಯಮವಾಗಿದ್ದರೆ ಅದನ್ನು ಕನ್‌ಸ್ಟ್ರೇಂಟ್ ಎಂದೇ ಬರೆಯಿರಿ. ಷರತ್ತು ಇದ್ದು ಕನ್‌ಸ್ಟ್ರೇಂಟಿನಲ್ಲಿ ಹೇಳಲಾಗದಿದ್ದರೆ ಯುನಿಕ್ ಇಂಡೆಕ್ಸ್ ಬಳಸಿ, ಅದು ಯಾವ ನಿಯಮಕ್ಕಾಗಿ ಎಂದು ಅದರ ಹೆಸರಿನಲ್ಲೇ ಸೂಚಿಸಿ. ಬರೀ ವೇಗಕ್ಕಾಗಿ ಇರುವ ಇಂಡೆಕ್ಸನ್ನು ಯುನಿಕ್ ಮಾಡಲು ಹೋಗಬೇಡಿ. ಮುಂದೊಂದು ದಿನ ಜಾಗ ಉಳಿಸಲೆಂದು ಯಾರೋ ಇಂಡೆಕ್ಸ್‌ಗಳನ್ನು ತೆಗೆದುಹಾಕುವಾಗ, ಯಾವುದು ಅನುಕೂಲಕ್ಕೆ ಇತ್ತು, ಯಾವುದು ಸತ್ಯವನ್ನು ಕಾಯುತ್ತಿತ್ತು ಎಂಬುದು ಅವರಿಗೆ ತಿಳಿಯಬೇಕು.

ಕಾಡ್ 2003ರ ಏಪ್ರಿಲ್ 18ರಂದು ಫ್ಲಾರಿಡಾದ ತಮ್ಮ ಮನೆಯಲ್ಲಿ ಹೃದಯ ವೈಫಲ್ಯದಿಂದ ತೀರಿಕೊಂಡರು. ಆಗ ಅವರಿಗೆ 79 ವರ್ಷ. ಮರುವರ್ಷದಿಂದ ಡೇಟಾಬೇಸ್ ಸಂಶೋಧಕರ ಅಂತರರಾಷ್ಟ್ರೀಯ ಬಳಗವಾದ ಸಿಗ್‌ಮಾಡ್ ತನ್ನ ಹೊಸ ಆವಿಷ್ಕಾರಗಳ ಪ್ರಶಸ್ತಿಗೆ ಅವರ ಹೆಸರು ಇಟ್ಟಿತು. ಬ್ಯಾಂಕಿನ ಖಾತೆ, ರೈಲಿನ ಟಿಕೆಟ್ಟು, ಆಸ್ಪತ್ರೆಯ ಚೀಟಿ ಎಲ್ಲದರ ಹಿಂದೆ ಇಂದು ಅವರು ರೂಪಿಸಿದ ಟೇಬಲ್‌ಗಳಿವೆ. ಮುಂದಿನ ಸಲ ಗುಡೂರಿನ ಹೊಲದ ಉತಾರಕ್ಕಾಗಿ ಜಿಲ್ಲೆಯಿಂದ ಹಿಸ್ಸಾದವರೆಗೆ ಒಂದೊಂದೇ ಆರಿಸುತ್ತ ಹೋಗುವಾಗ ಇಷ್ಟೆಲ್ಲ ಯಾಕೆ ಕೇಳುತ್ತಾರಪ್ಪಾ ಎನಿಸಿದರೆ, ನೀವು ಒಂದು ಕೀಯನ್ನು ತುಂಬುತ್ತಿದ್ದೀರಿ ಎಂಬುದು ನೆನಪಿರಲಿ. ಅದರಲ್ಲಿ ಒಂದು ಬಿಟ್ಟರೂ ಪಕ್ಕದ ಊರಿನ ಯಾರದೋ ಹೊಲ ನಿಮ್ಮ ಮುಂದೆ ಬಂದೀತು.